ಡಿಕ್ಕಿಯ ಲೀಟರ್ ಬಿಡಿ, ಹಿಂದಿನ ಸೀಟಿನಲ್ಲಿ ಕೂತು ನೋಡಿ: ಹ್ಯಾಚ್‌ಬ್ಯಾಕ್‌ನಿಂದ ಇನ್ನೋವಾವರೆಗೆ

ವ್ಯಾಗನ್‌ಆರ್ ಉದ್ದ 3655 ಮಿ.ಮೀ., ಹೊಸ ಸ್ವಿಫ್ಟ್ 3860 ಮಿ.ಮೀ. ವೀಲ್‌ಬೇಸ್‌ನಲ್ಲಿ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರದಲ್ಲಿ) ಎರಡಕ್ಕೂ ಇರುವ ವ್ಯತ್ಯಾಸ ಬರೀ 15 ಮಿ.ಮೀ. (2435 ಮತ್ತು 2450). ಆದರೆ ಹಿಂದೆ ಕೂತವರಿಗೆ ಗಿಡ್ಡ ಗಾಡಿಯೇ ವಿಶಾಲ ಅನ್ನಿಸುತ್ತದೆ. ಗುಟ್ಟು ಎತ್ತರದಲ್ಲಿದೆ. ವ್ಯಾಗನ್‌ಆರ್ 1675 ಮಿ.ಮೀ. ಎತ್ತರವಿರುವುದರಿಂದ ಸೀಟನ್ನು ಮೇಲೆ ಕೂರಿಸಬಹುದು. ಸೀಟು ಮೇಲೇರಿದರೆ ಕಾಲು ಮುಂದಕ್ಕೆ ಚಾಚುವ ಬದಲು ಕೆಳಕ್ಕೆ ಇಳಿಯುತ್ತದೆ, ಅಷ್ಟೇ ಉದ್ದದಲ್ಲಿ ಮೊಣಕಾಲಿಗೆ ಜಾಗ ಉಳಿಯುತ್ತದೆ. ಸ್ವಿಫ್ಟ್‌ನಲ್ಲಿ ಸೀಟು ತಗ್ಗು, ಚಾವಣಿ ಇಳಿಜಾರು, ಹಿಂದಿನ ಕಿಟಕಿ ಸಣ್ಣದು. ಓಡಿಸುವವರಿಗೆ ಖುಷಿ ಕೊಡುವ ಗಾಡಿ, ಹಿಂದೆ ಕೂರುವವರಿಗೆ ಅಲ್ಲ.

ಹೋಲಿಸುವಾಗ ಎಲ್ಲ ಗಾಡಿಗೂ ಒಂದೇ ಅಳತೆಗೋಲು ಇರಬೇಕು. ಇಲ್ಲಿ ಬಳಸಿದ್ದು ಸರಳ ವಿಧಾನ: 5 ಅಡಿ 8 ಇಂಚಿನ ಒಬ್ಬರು ಕ್ಲಚ್ ಪೂರ್ತಿ ಒತ್ತಲು ಆಗುವಂತೆ ಡ್ರೈವರ್ ಸೀಟು ಹೊಂದಿಸಿಕೊಳ್ಳುವುದು, ಆಮೇಲೆ ಅದನ್ನು ಅಲುಗಾಡಿಸದೆ ಅವರೇ ಅದರ ಹಿಂದೆ ಹೋಗಿ ಕೂರುವುದು. ಸೊಂಟವನ್ನು ಒರಗಿಗೆ ಪೂರ್ತಿ ಒತ್ತಿ ಕೂರಬೇಕು. ಶೋರೂಮಿನಲ್ಲಿ ಬಹಳ ಜನ ಸ್ವಲ್ಪ ಮುಂದಕ್ಕೆ ಜಾರಿ ಕೂರುತ್ತಾರೆ. ಆಗ ತಲೆ ಮೇಲೆ ಜಾಗ ಜಾಸ್ತಿ ಕಾಣುತ್ತದೆ, ಮೊಣಕಾಲ ಮುಂದೆ ಕಮ್ಮಿ ಕಾಣುತ್ತದೆ, ಎರಡೂ ಸುಳ್ಳು. ಕೂತ ಮೇಲೆ ತೊಡೆಯ ಕೆಳಗೆ ಅಂಗೈ ತೂರಿಸಿ. ಸೀಟಿನ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹಿಡಿದರೆ ಸರಿ. ಇಡೀ ಕೈ ಸಲೀಸಾಗಿ ಒಳಗೆ ಹೋಯಿತೆಂದರೆ ತೊಡೆಗೆ ಆಸರೆ ಇಲ್ಲ, ಭಾರವೆಲ್ಲ ಪೃಷ್ಠದ ಮೇಲೆ ಬೀಳುತ್ತದೆ. ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಇದು ಗೊತ್ತಾಗುವುದಿಲ್ಲ, ಬೆಂಗಳೂರಿನಿಂದ ಹೊರಟು ಹಾಸನ ಮುಟ್ಟುವಷ್ಟರಲ್ಲಿ ಗೊತ್ತಾಗುತ್ತದೆ.

ವ್ಯಾಗನ್‌ಆರ್ ಸೋಲುವುದು ಇಲ್ಲಿಯೇ. ತಲೆಗೆ, ಮೊಣಕಾಲಿಗೆ ಧಾರಾಳ ಜಾಗ, ಆದರೆ ಸೀಟು ಚಪ್ಪಟೆ, ತೊಡೆಗೆ ಆಸರೆ ಕಮ್ಮಿ. ಅಗಲ 1620 ಮಿ.ಮೀ. ಮಾತ್ರ, ಹಾಗಾಗಿ ಹಿಂದೆ ಮೂವರು ದೊಡ್ಡವರು ಕೂತರೆ ಭುಜ ಒಂದರ ಮೇಲೊಂದು ಬರುತ್ತದೆ. 1745 ಮಿ.ಮೀ. ಅಗಲದ ಬಲೆನೋದಲ್ಲಿ ಭುಜ, ಮೊಣಕಾಲು ಎರಡಕ್ಕೂ ನಿರಾಳ, ವೀಲ್‌ಬೇಸ್ ಕೂಡ 2520. ಆದರೆ ಎತ್ತರ 1500 ಆದ್ದರಿಂದ ಇಳಿಯುವಾಗ ಕೈಯೂರಿ ಏಳಬೇಕು. ಮಂಡಿನೋವಿನ ಅಜ್ಜಿ ದಿನಾ ಹತ್ತಿ ಇಳಿಯುವ ಮನೆಗೆ ವ್ಯಾಗನ್‌ಆರ್, ದೂರದ ಊರಿಗೆ ನಾಲ್ವರು ಹೋಗುವ ಮನೆಗೆ ಬಲೆನೋ.

ಪುಟ್ಟ ಸೆಡಾನ್‌ಗಳ ಕತೆ ತೆರಿಗೆಯಿಂದ ಶುರುವಾಗುತ್ತದೆ. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ 24ರಿಂದ 16 ಪ್ರತಿಶತಕ್ಕೆ ಇಳಿಯಿತು. 2008ರ ಮೊದಲ ಡಿಜೈರ್ ನಾಲ್ಕು ಮೀಟರ್ ದಾಟಿತ್ತು. 2012ರಲ್ಲಿ ಡಿಕ್ಕಿ ಕತ್ತರಿಸಿ 3995 ಮಿ.ಮೀ.ಗೆ ಇಳಿಸಿದರು, ಅದು ಮೊಂಡಾಗಿ ಕಾಣುತ್ತಿದ್ದುದು ಅದಕ್ಕೇ. ಈಗಿನ ಡಿಜೈರ್‌ಗೂ ಸ್ವಿಫ್ಟ್‌ಗೂ ವೀಲ್‌ಬೇಸ್ ಒಂದೇ, 2450. ಆದರೆ ಡಿಜೈರ್‌ನಲ್ಲಿ ಹಿಂದಿನ ಸೀಟನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ್ದಾರೆ, ಅದಕ್ಕೇ ಮೊಣಕಾಲಿಗೆ ಜಾಗ ಸ್ವಿಫ್ಟ್‌ಗಿಂತ ಸ್ಪಷ್ಟವಾಗಿ ಜಾಸ್ತಿ. ನಡುವೆ ಕೂರುವವರ ಪಾಡು ಮಾತ್ರ ಎರಡರಲ್ಲೂ ಅಷ್ಟಕ್ಕಷ್ಟೇ: ನೆಲದ ಉಬ್ಬು, ಎದುರಿಗೆ ಎಸಿ ಕಿಂಡಿಯ ಪೆಟ್ಟಿಗೆ. ಬೆನ್ನಿಗೆ ಮಡಚುವ ಆರ್ಮ್‌ರೆಸ್ಟ್ ಬಂದರೆ ಅದರ ಗಡಸು ಹಿಂಭಾಗವೂ ಒತ್ತುತ್ತದೆ. ಐದು ಜನರ ಗಾಡಿ ಅಂತ ಕಾಗದದಲ್ಲಿರುವುದನ್ನು ನಂಬುವ ಮೊದಲು ಆ ನಡುಸೀಟಿನಲ್ಲಿ ಐದು ನಿಮಿಷ ಕೂರಿ.

ದೊಡ್ಡ ಗಾತ್ರಕ್ಕೆ ಬಂದರೆ ಹೋಂಡಾ ಸಿಟಿ ಮತ್ತು ಹ್ಯುಂಡೈ ಕ್ರೆಟಾ ಹೋಲಿಕೆಗೆ ಹೇಳಿಮಾಡಿಸಿದ ಜೋಡಿ. ವೀಲ್‌ಬೇಸ್ 2600 ಮತ್ತು 2610, ಅಂದರೆ ಹೆಚ್ಚುಕಮ್ಮಿ ಒಂದೇ. ಡಿಕ್ಕಿ ಸಿಟಿಯಲ್ಲಿ 506 ಲೀಟರ್, ಕ್ರೆಟಾದಲ್ಲಿ 433. ಸಿಟಿಯಲ್ಲಿ ಕಾಲು ಚಾಚಿ ಅರೆ ಮಲಗಿದಂತೆ ಕೂರುತ್ತೀರಿ, ಆರಡಿ ಎತ್ತರದವರಿಗೆ ಮಾತ್ರ ನೆತ್ತಿ ಚಾವಣಿಗೆ ಹತ್ತಿರ ಬರುತ್ತದೆ. ಕ್ರೆಟಾದಲ್ಲಿ ಕುರ್ಚಿಯಲ್ಲಿ ಕೂತ ಹಾಗೆ, ಹಿಂದಿನ ಒರಗು ಎರಡು ಹಂತದಲ್ಲಿ ಬಾಗುತ್ತದೆ, ಬಾಗಿಲು ತೆರೆದರೆ ಸೊಂಟದ ಮಟ್ಟಕ್ಕೇ ಸೀಟು. ಹೆದ್ದಾರಿಯಲ್ಲಿ ನಿದ್ದೆ ಮಾಡಲು ಸಿಟಿ, ಊರೊಳಗೆ ಹತ್ತಿ ಇಳಿಯಲು ಕ್ರೆಟಾ. ಎತ್ತರದ ಗಾಡಿ ತಿರುವಿನಲ್ಲಿ ಮೈಯನ್ನು ಹೆಚ್ಚು ಓಲಾಡಿಸುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ.

ನೆಕ್ಸಾನ್ ಪೆಟ್ರೋಲ್ ಮತ್ತು ಇವಿ (ಬ್ಯಾಟರಿಯಲ್ಲಿ ಓಡುವ ಗಾಡಿ) ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಹತ್ತಿ. ಹೊರಗೆ ಒಂದೇ ಮೈ, ಒಳಗೆ ಇವಿಯ ನೆಲ ಬ್ಯಾಟರಿಯಿಂದಾಗಿ ಮೇಲೆ ಬಂದಿರುತ್ತದೆ. ನೆಲ ಎದ್ದರೆ ಮೊಣಕಾಲೂ ಏಳುತ್ತದೆ, ತೊಡೆ ಸೀಟಿನಿಂದ ಮೇಲೆ ಹೋಗುತ್ತದೆ. ಪೆಟ್ರೋಲ್ ಗಾಡಿಯನ್ನೇ ಇವಿ ಮಾಡಿದ ಯಾವ ಮಾಡೆಲ್ಲಿಗೂ ಈ ಪರೀಕ್ಷೆ ಬೇಕು. ಸಿಎನ್‌ಜಿಯಲ್ಲಿ ಏಟು ಬೀಳುವುದು ಡಿಕ್ಕಿಗೆ. ವ್ಯಾಗನ್‌ಆರ್ ಸಿಎನ್‌ಜಿಯಲ್ಲಿ 60 ಲೀಟರ್ ಸಿಲಿಂಡರ್ ಕೂತ ಮೇಲೆ ಸೂಟ್‌ಕೇಸ್ ಆಸೆ ಬಿಡಬೇಕು. ಆಲ್ಟ್ರೋಜ್‌ನಲ್ಲಿ ಎರಡು ಸಣ್ಣ ಸಿಲಿಂಡರ್‌ಗಳನ್ನು ನೆಲದಡಿ ಇಟ್ಟು 210 ಲೀಟರ್ ಉಳಿಸಿದ್ದಾರೆ.

ಮೂರನೇ ಸಾಲು ಬೇಕಾದವರ ಮುಂದೆ ಎರ್ಟಿಗಾ, ಇನ್ನೋವಾ ಕ್ರಿಸ್ಟಾ, ಇನ್ನೋವಾ ಹೈಕ್ರಾಸ್. ಎರ್ಟಿಗಾ ವೀಲ್‌ಬೇಸ್ 2740, ಕ್ರಿಸ್ಟಾ 2750. ಕ್ರಿಸ್ಟಾ ಸುಮಾರು 30 ಸೆಂ.ಮೀ. ಹೆಚ್ಚು ಉದ್ದವಿದ್ದರೂ ಆ ಉದ್ದದ ದೊಡ್ಡ ಪಾಲು ಉದ್ದಕ್ಕೆ ಮಲಗಿಸಿದ ಎಂಜಿನ್ನಿಗೆ ಹೋಗಿದೆ. ಕೆಳಗೆ ಮೈಯನ್ನು ಹೊರುವ ಪ್ರತ್ಯೇಕ ಉಕ್ಕಿನ ಚೌಕಟ್ಟು (ಚಾಸಿ) ಇರುವುದರಿಂದ ನೆಲವೂ ಎತ್ತರ, ಮೂರನೇ ಸಾಲಿನಲ್ಲಿ ದೊಡ್ಡವರು ಮಂಡಿ ಎತ್ತಿಕೊಂಡೇ ಕೂರಬೇಕು. ಬಿಡದಿಯಲ್ಲೇ ತಯಾರಾಗುವ ಹೈಕ್ರಾಸ್‌ನಲ್ಲಿ ಎಂಜಿನ್ ಅಡ್ಡಡ್ಡ, ಪ್ರತ್ಯೇಕ ಚಾಸಿ ಇಲ್ಲ, ವೀಲ್‌ಬೇಸ್ 2850. ಮೂರರಲ್ಲಿ ಕೊನೆಯ ಸಾಲು ನಿಜವಾಗಿ ದೊಡ್ಡವರಿಗೆ ಸಾಲುವುದು ಇದರಲ್ಲೇ. ಎರ್ಟಿಗಾದಲ್ಲೂ ಕೂರಬಹುದು, ಆದರೆ ಎರಡನೇ ಸಾಲಿನವರು ಸೀಟನ್ನು ಮುಂದಕ್ಕೆ ಜರುಗಿಸಲು ಒಪ್ಪಬೇಕು. ಅದನ್ನು ಪೂರ್ತಿ ಹಿಂದೆ ತಳ್ಳಿದ ಸ್ಥಿತಿಯಲ್ಲಿ ಒಮ್ಮೆ, ಮುಂದೆ ತಂದು ಒಮ್ಮೆ ನೋಡಿ. ಮಾರುವವರು ತೋರಿಸುವುದು ಎರಡನೆಯದನ್ನು ಮಾತ್ರ.

ಮೂರೂ ಸಾಲು ತುಂಬಿದಾಗ ಎರ್ಟಿಗಾದ ಡಿಕ್ಕಿ 209 ಲೀಟರ್. ಏಳು ಜನ, ಏಳು ಜನರ ಬಟ್ಟೆ, ಮದುವೆಗೆ ಹೊರಟಿದ್ದರೆ ಒಂದು ಬಾಳೆಗೊನೆಯೂ ಸೇರಿ ಇಷ್ಟೇ ಜಾಗ. ಉಳಿದದ್ದು ಚಾವಣಿಯ ಕ್ಯಾರಿಯರ್ ಮೇಲೆ. ಕ್ರಿಸ್ಟಾದ ಕೊನೆಯ ಸೀಟುಗಳು ಮಡಚಿದಾಗ ಎರಡೂ ಪಕ್ಕಕ್ಕೆ ಎದ್ದು ನಿಲ್ಲುತ್ತವೆ. ಡಿಕ್ಕಿಯ ಅಗಲ ಹಾಳಾಗುತ್ತದೆ, ಪಕ್ಕದ ಗಾಜೂ ಮುಚ್ಚುತ್ತದೆ. ಹೈಕ್ರಾಸ್‌ನವು ನೆಲಕ್ಕೆ ಮಡಚಿಕೊಳ್ಳುತ್ತವೆ.

ಜಾಗ ಎಷ್ಟೇ ಇದ್ದರೂ ಕೊನೆಯ ಸಾಲು ಹಿಂದಿನ ಆಕ್ಸಲ್‌ಗೆ ಅಂಟಿಕೊಂಡೇ ಇರುತ್ತದೆ. ಪ್ರತಿ ಹಂಪ್ ನೇರ ಬೆನ್ನುಮೂಳೆಗೆ. ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಅಲ್ಲಿ ಕೂತವರಿಗೇ ಮೊದಲು ವಾಂತಿ, ಯಾಕೆಂದರೆ ಮುಂದಿನ ರಸ್ತೆ ಕಾಣುವುದಿಲ್ಲ. ವಾಂತಿಯಾಗುವವರನ್ನು ಮುಂದೆ ಕೂರಿಸಿ, ಕೊನೆಯ ಸಾಲಿಗೆ ಸಣ್ಣ ಮೈಯವರನ್ನು ಕಳಿಸಿ.

ಕೊಳ್ಳುವ ದಿನ ನೀವು ಬುಕ್ ಮಾಡುವ ವೇರಿಯಂಟ್‌ನಲ್ಲೇ ಕೂರಿ. ಸನ್‌ರೂಫ್ ಇದ್ದರೆ ಚಾವಣಿಯ ಒಳಮೈ ಕೆಲವು ಸೆಂಟಿಮೀಟರ್ ಕೆಳಗೆ ಬರುತ್ತದೆ, ಬೇಸ್ ಮಾಡೆಲ್‌ನಲ್ಲಿ ಕೂತವರಿಗೆ ಅದು ತಿಳಿಯುವುದಿಲ್ಲ. ಹೊರಗಿನ ಅಂಗಡಿಯ ದಪ್ಪ ಸೀಟ್ ಕವರ್ ಹಾಕಿಸಿದರೆ ತೊಡೆಯ ಆಸರೆಗೆ ಕೊಟ್ಟ ಆಕಾರವೇ ಮುಚ್ಚಿಹೋಗುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಚೀಟಿ ಇದ್ದರೆ ಆ ಕಡೆ ಬಿಚ್ಚಿಕೊಳ್ಳುವ ಹೊಲಿಗೆ ಇರುವ ಕವರ್ ಬಿಟ್ಟು ಬೇರೆ ಹಾಕಿಸಲೇಬಾರದು.