ಗಿಣಿಗೇರಾ ಸ್ಟೇಷನ್: ಐದಕ್ಕೆ ಮೂರೂವರೆ, ಅದರಲ್ಲಿ ಅರ್ಧ ಪ್ರೀತಿಗೆ

ಶಿಫ್ಟ್ ಕೆಲಸ ಅಂತ ಗಿಣಿಗೇರಾಗೆ ಬಂದು ಆರು ವರ್ಷ ಆಯ್ತು. ಬಾಡಿಗೆ ಮನೆ, ಹೆಂಡತಿಯ ತವರು ಕಾರಟಗಿ. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ಈ ಸ್ಟೇಷನ್ ಮೆಟ್ಟಿಲು ಹತ್ತುತ್ತೇನೆ. ಹೋಟೆಲಿಗೆ, ಮೊಬೈಲಿಗೆ ಎಲ್ಲರೂ ಸ್ಟಾರ್ ಕೊಡ್ತಾರೆ. ನಾನು ಸ್ಟೇಷನ್ನಿಗೆ ಕೊಡ್ತೀನಿ, ತಪ್ಪೇನು?

ಮೊದಲು ಎಲ್ಲಿದೆ ಅಂತ ಹೇಳಿಬಿಡ್ತೀನಿ. ಕೊಪ್ಪಳದಿಂದ ಹೊಸಪೇಟೆ ಕಡೆ ಹೊರಟರೆ ಹೆದ್ದಾರಿ 67ರಲ್ಲೇ ಊರು ಸಿಗುತ್ತದೆ, ಸುತ್ತ ಉಕ್ಕಿನ ಕಾರ್ಖಾನೆಗಳ ಚಿಮಣಿ. ಬಿಳಿ ಅಂಗಿ ಹಾಕಿಕೊಂಡು ಬರಬೇಡಿ, ಅಷ್ಟೇ ಹೇಳ್ತೀನಿ. ಪ್ಯಾಸೆಂಜರ್ ಗಾಡಿಗಿಂತ ಗೂಡ್ಸ್ ಗಾಡಿಯೇ ಜಾಸ್ತಿ ಕಾಣುವ ಲೈನ್ ಇದು. ಗೂಡ್ಸ್ ಬಂದಾಗ ಡಬ್ಬಿ ಎಣಿಸುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ನನ್ನ ಮಗ ಐವತ್ತರ ತನಕ ಎಣಿಸೋದು ಕಲಿತಿದ್ದೇ ಹೀಗೆ.

ಹಳೆಯ ಕಥೆ ಸ್ವಲ್ಪ ಕೇಳಿ. 1876-78ರ ಭೀಕರ ಬರದಲ್ಲಿ ಧಾನ್ಯ ಸಾಗಿಸಲು ದಾರಿ ಇಲ್ಲದೆ ನಮ್ಮ ಕಡೆ ಜನ ಸತ್ತಿದ್ದು ಲೆಕ್ಕಕ್ಕಿಲ್ಲ. ಆಮೇಲೆ ಇಂಗ್ಲಿಷ್ ಸರ್ಕಾರಕ್ಕೆ ಎಚ್ಚರ ಆಯ್ತು. ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಶುರುವಾಗಿ ಈ ಭಾಗದಲ್ಲೆಲ್ಲ ಮೀಟರ್ ಗೇಜ್ ಹಳಿ ಹಾಕಿತು. ನಮ್ಮ ಗದಗ-ಹೊಸಪೇಟೆ ಲೈನ್ ಕೂಡ ಅವರದ್ದೇ. ತಮಾಷೆ ಅಂದರೆ ಆಗ ಕೊಪ್ಪಳ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಸಾಲಾರ್ ಜಂಗ್ ಮನೆತನದ ಜಹಗೀರು. ಅತ್ತ ಗದಗ, ಇತ್ತ ಹೊಸಪೇಟೆ ಎರಡೂ ಬ್ರಿಟಿಷರದ್ದು. ನಡುವೆ ಮಾತ್ರ ನಿಜಾಮನ ಸೀಮೆ ದಾಟಬೇಕು. ಈಗಿನ ಹಳಿ ಬ್ರಾಡ್ ಗೇಜ್, ಮೇಲೆ ಕರೆಂಟ್ ತಂತಿ. 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕೈಯಲ್ಲಿದೆ.

ಇಷ್ಟಾದರೂ ಗಿಣಿಗೇರಾ ಅನ್ನೋದು ದೊಡ್ಡ ಗಾಡಿಗಳು ನೋಡದೆ ಹೋಗುವ ಊರಾಗಿತ್ತು. ಹಣೆಬರಹ ಬದಲಾಗಿದ್ದು ಹೊಸ ಲೈನಿನಿಂದ. ಇಲ್ಲಿಂದ ಗಂಗಾವತಿ, ಸಿಂಧನೂರು, ರಾಯಚೂರು ಮೇಲೆ ತೆಲಂಗಾಣದ ಮಹಬೂಬನಗರಕ್ಕೆ ಹೋಗುವ ಮಾರ್ಗ 1997-98ರಲ್ಲಿ ಮಂಜೂರಾಯ್ತು. ಕೊಪ್ಪಳ ಜಿಲ್ಲೆಯಾಗಿದ್ದೂ 1997ರಲ್ಲೇ. ಜಿಲ್ಲೆ ಬೆಳೀತು, ಹಳಿ ಬೆಳೀಲಿಲ್ಲ. ಗಂಗಾವತಿಗೆ ರೈಲು ಮುಟ್ಟಿದ್ದು 2019ರಲ್ಲಿ, ಸಿಂಧನೂರಿಗೆ 2024ರಲ್ಲಿ. ಯೋಜನೆ ಮಂಜೂರಾದಾಗ ತೊಟ್ಟಿಲಲ್ಲಿದ್ದ ನನ್ನ ಅಕ್ಕನ ಮಗ ಈಗ ತನ್ನ ಮಗುವನ್ನು ಎತ್ತಿಕೊಂಡು ಅದೇ ರೈಲು ಹತ್ತುತ್ತಾನೆ. ಇನ್ನೊಂದು ಸಣ್ಣ ಹೊಟ್ಟೆಯುರಿ: ಲೈನ್ ಒಡೆಯೋದು ನಮ್ಮೂರಲ್ಲಿ, ಕಾಗದದಲ್ಲಿ ಮಾತ್ರ ಪಕ್ಕದೂರಿನ ಹೆಸರಲ್ಲಿ ಅದು ಮುನಿರಾಬಾದ್-ಮಹಬೂಬನಗರ ಯೋಜನೆ!

ಇದು ಬಂದ ಮೇಲೆ ಏನು ಬದಲಾಯ್ತು ಅಂತ ಕೇಳಿದರೆ ಪ್ಲಾಟ್‌ಫಾರ್ಮ್ ಮೇಲಿನ ಚೀಲಗಳನ್ನು ನೋಡಿ. ಗಂಗಾವತಿ-ಕಾರಟಗಿ ಅಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ರೈಸ್ ಮಿಲ್ಲು. ಮೊದಲು ಆ ಕಡೆಯವರು ಹುಬ್ಬಳ್ಳಿ ಆಸ್ಪತ್ರೆಗೆ ಹೋಗಬೇಕಾದರೆ ಬಸ್ಸಲ್ಲಿ ಕೊಪ್ಪಳಕ್ಕೋ ಹೊಸಪೇಟೆಗೋ ಬಂದು ರೈಲು ಹಿಡಿಯಬೇಕಿತ್ತು. ಈಗ ಊರಲ್ಲೇ ಹತ್ತಿ ಕೂರುತ್ತಾರೆ, ಚೀಟಿ, ಎಕ್ಸ್‌ರೇ ಕವರು, ಬುತ್ತಿ ಎಲ್ಲ ಮಡಿಲಲ್ಲಿಟ್ಟುಕೊಂಡು. ದಾರಿಯೂ ಚೆಂದ. ಬೂದಗುಂಪಾ, ಜಬ್ಬಲಗುಡ್ಡ, ಚಿಕ್ಕಬೆಣಕಲ್ ಅಂತ ಹೋಗುವಾಗ ಕಿಟಕಿಯಲ್ಲಿ ಬರೀ ಬಂಡೆಗುಡ್ಡ. ಆ ಸಾಲಿನಲ್ಲೇ ಹಿರೇಬೆಣಕಲ್, ಎರಡು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಸಮಾಧಿಗಳು. ರೈಲಿನಿಂದ ಅವು ಕಾಣಲ್ಲ, ಇಳಿದು ಗುಡ್ಡ ಹತ್ತಲೇಬೇಕು.

ಈಗ ನನ್ನ ಫಜೀತಿ. ನೈಟ್ ಶಿಫ್ಟ್ ಮುಗಿಸಿ ಅರೆನಿದ್ದೆಯಲ್ಲಿ ಸ್ಟೇಷನ್ನಿಗೆ ಬಂದಿದ್ದೆ. ಗಾಡಿ ಬಂತು, ಬೋರ್ಡ್ ನೋಡದೆ ಹತ್ತಿದೆ. ಎದುರಿಗಿದ್ದ ಅಜ್ಜ ಕೇಳಿದರು, "ತಮ್ಮಾ, ಎಲ್ಲಿಗಿ ಹೊಂಟಿ?" ಕಾರಟಗಿ ಅಂದೆ. "ಇದು ಬಳ್ಳಾರಿ ಗಾಡಿ ಐತಲ್ಲೋ!" ಮುನಿರಾಬಾದಿನಲ್ಲಿ ಇಳಿದು, ಬಸ್ಸು ಹಿಡಿದು, ಅತ್ತೆ ಮನೆ ಸೇರುವಷ್ಟರಲ್ಲಿ ಊಟ ಆರಿಹೋಗಿತ್ತು. ತಪ್ಪು ಪೂರ್ತಿ ನನ್ನದೇ. ಕೊಪ್ಪಳ ಕಡೆಯಿಂದ ಬರುವ ಗಾಡಿ ಇಲ್ಲಿಂದ ಹೊಸಪೇಟೆಗೂ ಹೋಗಬಹುದು, ಸಿಂಧನೂರಿಗೂ ಹೋಗಬಹುದು. ಡಬ್ಬಿ ಮೇಲಿನ ಬೋರ್ಡ್ ಓದಿ, ಇಲ್ಲಾ ಪಕ್ಕದವರನ್ನು ಕೇಳಿ. ಈಗ ನಾನಂತೂ ಮೂರು ಜನರನ್ನು ಕೇಳದೆ ಹತ್ತಲ್ಲ.

ಟಿಕೆಟ್ ವಿಚಾರ. ಕೊರೊನಾ ಆದ ಮೇಲೆ ಪ್ಯಾಸೆಂಜರ್ ಗಾಡಿಗೂ ಎಕ್ಸ್‌ಪ್ರೆಸ್ ದರ ಹಾಕಿ ಕನಿಷ್ಠ 30 ರೂಪಾಯಿ ಮಾಡಿದ್ದರು. 2024ರ ಫೆಬ್ರವರಿ ಕೊನೆಗೆ ಮತ್ತೆ 10ಕ್ಕೆ ಇಳಿಸಿದರು. ಆದರೆ ಪ್ಯಾಸೆಂಜರ್ ಟಿಕೆಟ್ ಇಟ್ಟುಕೊಂಡು ಎಕ್ಸ್‌ಪ್ರೆಸ್ ಹತ್ತುವಂತಿಲ್ಲ. ಕೌಂಟರಿನಲ್ಲಿ ಯಾವ ಗಾಡಿಗೆ ಅಂತ ಹೇಳಿಯೇ ತಗೊಳ್ಳಿ. ದಿನಕ್ಕೆ ಗಾಡಿಗಳು ಕಡಿಮೆ, ಒಂದು ತಪ್ಪಿದರೆ ಮುಂದಿನದಕ್ಕೆ ಕಾಯುವ ಬದಲು ಬಸ್ಸೇ ವಾಸಿ. ಮನೆ ಬಿಡುವ ಮುಂಚೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ಗಾಡಿ ಎಲ್ಲಿದೆ ಅಂತ ಕೇಳಿಕೊಳ್ಳಿ. ತಿನ್ನೋದಕ್ಕೆ ಸ್ಟೇಷನ್ನನ್ನು ನಂಬಿಕೊಳ್ಳಬೇಡಿ, ಊರೊಳಗಿಂದ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬನ್ನಿ. ಮಿರ್ಚಿ ಬಿಸಿ ಇರುವಾಗಲೇ ತಿಂದುಬಿಡಿ, ಗಾಡಿ ಬರಲಿ ಅಂತ ಕಾಯಬೇಡಿ.

ಒಂದೂವರೆ ಸ್ಟಾರ್ ಕಡಿಮೆ ಯಾಕೆ ಅಂದರೆ ಒಂದು, ಗಾಡಿ ಸಾಲದು. ಇನ್ನರ್ಧ, ಸಿಂಧನೂರಿನಿಂದ ಮುಂದೆ ರಾಯಚೂರು ತನಕದ ಕೆಲಸ. ಅತ್ತ ತೆಲಂಗಾಣ ಕಡೆಯಿಂದ ಕೃಷ್ಣಾ ಸ್ಟೇಷನ್ ತನಕ 2023ರಲ್ಲೇ ಲೈನ್ ಬಂತು. ನಡುವಿನದ್ದು ಕೂಡಿಸಿದರೆ ನಮ್ಮ ಗಿಣಿಗೇರಾ ಬೆಂಚ್ ಮೇಲೆ ಕೂತವನು ಸೀದಾ ಹೈದರಾಬಾದಿಗೆ ಹೋಗಬಹುದು.

ಮನೆಯಲ್ಲಿ ಮಾತ್ರ ನನ್ನ ರೈಲು ಪುರಾಣಕ್ಕೆ ಬೆಲೆ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಂಡತಿಗೆ ಬಸ್ಸು ಫ್ರೀ. "ನೀವು ರೊಕ್ಕ ಕೊಟ್ಟು ಕಾಯ್ರಿ, ನಾ ಫ್ರೀ ಹೋಗ್ತೀನಿ" ಅಂತ ಮಗನನ್ನು ಕರೆದುಕೊಂಡು ಹೊರಟೇ ಬಿಡುತ್ತಾಳೆ. ಬರುವಾಗ ಮಾತ್ರ ಅತ್ತೆ ಕೊಟ್ಟ 25 ಕೆಜಿ ಸೋನಾ ಮಸೂರಿ ಚೀಲ ನನ್ನ ಹೆಗಲಿಗೆ. ರೈಲಿನ ಸೆಕೆಂಡ್ ಕ್ಲಾಸಿನಲ್ಲಿ 35 ಕೆಜಿ ತನಕ ಲಗೇಜಿಗೆ ದುಡ್ಡಿಲ್ಲ ಅಂತ ನಾನೇ ಒಂದು ಸಲ ಬಾಯಿ ತಪ್ಪಿ ಹೇಳಿದ್ದೆ. ಈಗ ಉಳಿದ 10 ಕೆಜಿಗೆ ಜೋಳ ಸೇರಿಸಿ ಕಳಿಸುತ್ತಾರೆ.