ಉದ್ದ ಬಾಲವೋ ಗಿಡ್ಡ ಬಾಲವೋ: ಎರಡು ಎಕ್ಸ್‌ಕವೇಟರ್ ಓಡಿಸಿ ನೋಡಿದ ಮೇಲೆ

20 ಟನ್ ಎಕ್ಸ್‌ಕವೇಟರ್‌ಗಳ ಕರಪತ್ರ ಓದುತ್ತಾ ಕೂತರೆ ತಲೆ ಕೆಡುತ್ತದೆ. ಎಲ್ಲದರಲ್ಲೂ ಸುಮಾರು 150 ಎಚ್‌ಪಿ ಎಂಜಿನ್, ಒಂದು ಘನ ಮೀಟರ್ ಆಸುಪಾಸಿನ ಬಕೆಟ್, ಆರೂವರೆ ಮೀಟರ್ ಆಳ. ಅದಕ್ಕೇ ಎರಡು ಗಾಡಿಗಳನ್ನು ತಲಾ ಒಂದು ವಾರ ಸೈಟಿಗೆ ತರಿಸಿ ನಾನೇ ಓಡಿಸಿದೆ. ಒಂದರ ಕೌಂಟರ್‌ವೇಟ್ (ಗಾಡಿ ಮುಂದಕ್ಕೆ ಮಗುಚದಂತೆ ಹಿಂದೆ ಇಟ್ಟಿರುವ ಭಾರ) ಮಾಮೂಲಿನಂತೆ ಹಿಂದಕ್ಕೆ ಚಾಚಿದೆ, ಇನ್ನೊಂದರದ್ದು ಮೊಟಕು. ಉದ್ದ ಬಾಲ, ಗಿಡ್ಡ ಬಾಲ ಅಂತಿಟ್ಟುಕೊಳ್ಳೋಣ.

ಗಿಡ್ಡ ಬಾಲ ಮೊದಲ ದಿನವೇ ಹಿಡಿಸಿಬಿಟ್ಟಿತು. ಗಾಡಿ ತಿರುಗುವಾಗ ಉದ್ದ ಬಾಲದ ಹಿಂಭಾಗ ನಡುಮಧ್ಯದಿಂದ ಸುಮಾರು 2.8 ಮೀಟರ್ ಆಚೆ ಬರುತ್ತದೆ, ಗಿಡ್ಡದ್ದು ಎರಡು ಮೀಟರ್ ಒಳಗೇ ಮುಗಿಯುತ್ತದೆ. ರಸ್ತೆಯ ಅರ್ಧ ಬಿಟ್ಟುಕೊಟ್ಟು ಪೈಪಿಗೆ ಟ್ರೆಂಚ್ ತೆಗೆಯುವವರಿಗೆ ಈ 80 ಸೆಂಟಿಮೀಟರ್ ಬೆಲೆ ಗೊತ್ತು. ಉದ್ದ ಬಾಲದಲ್ಲಿ ಎರಡನೇ ದಿನ ಬಕೆಟ್ ಕಡೆಗೇ ಕಣ್ಣಿಟ್ಟು ತಿರುಗಿಸಿದೆ. ಹಿಂದೆ ಕರ್ರ್ ಅಂತ ಸದ್ದು. ಇಳಿದು ನೋಡಿದರೆ ಗೋಡೆಯ ಗಾರೆ ಒಂದು ಮಾರುದ್ದ ಕಿತ್ತು ಬಂದಿತ್ತು. ತಪ್ಪು ನನ್ನದೇ. ಆದರೆ ಗಿಡ್ಡ ಬಾಲಕ್ಕೆ ಹಿಂದೊಂದು ಕ್ಯಾಮೆರಾ ಇತ್ತು, ಇದಕ್ಕೆ ಇರಲಿಲ್ಲ.

ಗಾಡಿಯ ನಿಜವಾದ ಗುಣ ತಿಳಿಯುವುದು ನೆಲ ಸಮತಟ್ಟು ಮಾಡುವ ಲೆವೆಲಿಂಗ್‌ನಲ್ಲಿ. ಆರ್ಮ್ (ಬಕೆಟ್ ಹಿಡಿದಿರುವ ಮುಂದೋಳು) ಪೂರ್ತಿ ಚಾಚಿ, ಬಕೆಟ್ ಹಲ್ಲನ್ನು ನೆಲಕ್ಕೆ ತಾಗಿಸಿ, ನಿಧಾನವಾಗಿ ಒಳಕ್ಕೆ ಎಳೆಯಿರಿ. ಮೊದಲರ್ಧ ಬೂಮ್ (ಗಾಡಿಗೆ ಸೇರಿರುವ ದೊಡ್ಡ ತೋಳು) ಎತ್ತುತ್ತಾ ಹೋಗಬೇಕು, ಆರ್ಮ್ ನೆಲಕ್ಕೆ ಲಂಬವಾಗಿ ನಿಂತ ಮೇಲೆ ಇಳಿಸುತ್ತಾ ಬರಬೇಕು. ಅಂದರೆ ಎರಡು ಲಿವರ್ ಒಟ್ಟಿಗೆ, ಪಂಪಿನ ಎಣ್ಣೆ ಇಬ್ಬರಿಗೂ ಹಂಚಬೇಕು. ಹಂಚಿಕೆ ಸರಿಯಿಲ್ಲದಿದ್ದರೆ ಎಷ್ಟು ಎಚ್‌ಪಿ ಇದ್ದರೂ ಸುಮ್ನೆ. ಉದ್ದ ಬಾಲದಲ್ಲಿ ಹಲ್ಲಿನ ಗೆರೆಗಳು ಬಾಚಣಿಗೆ ಎಳೆದಂತೆ ನೇರ ಬಂದವು. ಗಿಡ್ಡ ಬಾಲದಲ್ಲಿ ಲಿವರ್ ನಾಜೂಕಾಗಿ ಹಿಡಿದಾಗೆಲ್ಲ ಬೂಮ್ ಒಂದು ಕ್ಷಣ ತಡೆದು ಏಳುತ್ತಿತ್ತು, ನೆಲ ಅಲೆ ಅಲೆಯಾಯಿತು. ಪರದೆಯಲ್ಲಿ ಮೋಡ್ ಬದಲಿಸಿದೆ. ಸ್ವಲ್ಪ ಸುಧಾರಿಸಿತು, ಅಷ್ಟೇ. ಟಿಪ್ಪರ್ ತುಂಬುವಾಗಲೂ ಹೀಗೇ: ತಿರುಗಿಸುತ್ತಾ ಬೂಮ್ ಎತ್ತಿದರೆ ಉದ್ದ ಬಾಲದ ಬಕೆಟ್ ಟಿಪ್ಪರಿನ ಅಂಚು ದಾಟಿಯೇ ಬರುತ್ತಿತ್ತು. ಗಿಡ್ಡದರಲ್ಲಿ ಬೂಮ್ ಏಳುವ ತನಕ ತಿರುಗಿಸುವುದನ್ನು ನಾನೇ ತಡೆಹಿಡಿಯಬೇಕಾಗುತ್ತಿತ್ತು.

ಡೀಸೆಲ್ ವಿಷಯದಲ್ಲಿ ಜಗಳವಿಲ್ಲ. ಟ್ಯಾಂಕ್ ಕಂಠಮಟ್ಟ ತುಂಬಿಸಿ, ಎಂಟು ಗಂಟೆ ಕೆಲಸ ಮಾಡಿ, ಮತ್ತೆ ತುಂಬಿಸಿ ನೋಡಿದೆ. ಗಂಟೆಗೆ ಒಂದು ಲೀಟರ್ ವ್ಯತ್ಯಾಸವೂ ಬರಲಿಲ್ಲ. ಲಿವರ್ ಮುಟ್ಟದೆ ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಎಂಜಿನ್ ವೇಗ ತಾನಾಗಿ ಇಳಿಯುವ ಆಟೋ ಐಡಲ್ ಎರಡರಲ್ಲೂ ಇದೆ. ಟಿಪ್ಪರಿಗೆ ಕಾಯುವ ಹೊತ್ತು ಜಾಸ್ತಿ ಇರುವವರು ಇದಿಲ್ಲದ ಗಾಡಿ ನೋಡಲೇಬೇಡಿ.

ಇನ್ನು ಬಾನೆಟ್ ಎತ್ತಿ ನೋಡಿ. ಇದನ್ನು ಕೊಳ್ಳುವವರು ಯಾಕೋ ಮಾಡುವುದೇ ಇಲ್ಲ. ಉದ್ದ ಬಾಲದಲ್ಲಿ ರೇಡಿಯೇಟರ್, ಎಣ್ಣೆ ಕೂಲರ್ ಪಕ್ಕಪಕ್ಕ ನಿಂತಿವೆ, ಗಾಳಿ ಹೊಡೆದರೆ ದೂಳು ಆಚೆ ಬೀಳುತ್ತದೆ. ಗಿಡ್ಡ ಬಾಲದಲ್ಲಿ ಜಾಗ ಸಾಲದೆ ಒಂದರ ಹಿಂದೆ ಒಂದು. ನಡುವಿನ ಸಂದಿಯಲ್ಲಿ ಒಣಹುಲ್ಲು ಸಿಕ್ಕಿ, ನಾಲ್ಕನೇ ದಿನ ಮಧ್ಯಾಹ್ನ ಬಿಸಿಯ ಮುಳ್ಳು ಮೇಲೇರಿತು. ತಂತಿ ಬಗ್ಗಿಸಿ ಕೆದಕಿ ತೆಗೆಯಲು ಒಂದು ಗಂಟೆ ಹೋಯಿತು. ಫಿಲ್ಟರ್‌ಗಳು ಮಾತ್ರ ಎರಡರಲ್ಲೂ ನೆಲದ ಮೇಲೆ ನಿಂತೇ ಕೈಗೆ ಸಿಗುತ್ತವೆ, ಒಳ್ಳೇದು.

ಕ್ಯಾಬಿನ್, ಸೀಟು, ಎಸಿ ಎರಡರಲ್ಲೂ ಚೆನ್ನಾಗಿವೆ. ಗಾಡಿ ಮಗುಚಿದರೂ ಕ್ಯಾಬಿನ್ ಜಜ್ಜಿಹೋಗದಂಥ ರೋಪ್ಸ್ ಚೌಕಟ್ಟು ಇದೆಯಾ ಅಂತ ಮಾತ್ರ ಕ್ಯಾಬಿನ್ನಿನ ಮಾಹಿತಿ ತಗಡಿನ ಮೇಲೆ ಓದಿಕೊಳ್ಳಿ, ಬಾಯಿಮಾತು ಬೇಡ.

ನಾನು ಉದ್ದ ಬಾಲ ತಗೊಂಡೆ. ನನ್ನ ಕೆಲಸ ಹೆಚ್ಚಾಗಿ ಬಯಲಿನಲ್ಲಿ, ಲೆವೆಲಿಂಗ್ ದಿನವೂ ಇರುತ್ತದೆ. ಸಂದಿಗೊಂದಿಯಲ್ಲೇ ದುಡಿಯುವವರಾದರೆ ಅಲೆ ಅಲೆ ನೆಲವನ್ನು ಸಹಿಸಿಕೊಂಡಾದರೂ ಗಿಡ್ಡದ್ದೇ ಸರಿ. ಕ್ಯಾಮೆರಾ ಆಮೇಲೆ ಹಾಕಿಸಿದೆ. ಒಂದನ್ನು ಮಾತ್ರ ಮರೆತೆ: ಬಕೆಟ್ ಬದಲು ಬೇರೆ ಸಲಕರಣೆ ಓಡಿಸಲು ಎಣ್ಣೆ ಒಯ್ಯುವ ಹೆಚ್ಚುವರಿ ಹೈಡ್ರಾಲಿಕ್ ಲೈನ್ ಇದರಲ್ಲಿ ಒಮ್ಮುಖದ್ದು. ಬಂಡೆ ಒಡೆಯುವ ಬ್ರೇಕರ್ ಓಡುತ್ತದೆ, ಆದರೆ ಇಕ್ಕಳದಂತೆ ತೆರೆದು ಮುಚ್ಚುವ ಗ್ರ್ಯಾಪಲ್‌ಗೆ ಎರಡೂ ಕಡೆ ಎಣ್ಣೆ ಹೋಗಬೇಕಲ್ವಾ? ಗಿಡ್ಡ ಬಾಲದಲ್ಲಿ ಇಮ್ಮುಖದ ಲೈನ್ ಮೊದಲೇ ಇತ್ತು. ಈಗ ಪೈಪ್ ಎಳೆಸಲು ಗಾಡಿಯನ್ನು ಎರಡು ದಿನ ನಿಲ್ಲಿಸಬೇಕು.