ಮೆಮ್‌ಟೆಸ್ಟ್86+: ಮೂರು ಮಳೆಗಾಲ ಬಳಸಿದ ಮೇಲೆ

ನೀಲಿ ಪರದೆ ಬಂದು ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತಿದ್ದರೆ 'ಫಾರ್ಮ್ಯಾಟ್ ಮಾಡಿಸಿ' ಎಂಬ ಸಲಹೆಯೇ ಮೊದಲು ಸಿಗುತ್ತದೆ. ರ‍್ಯಾಮ್ (ಕಂಪ್ಯೂಟರಿನ ತಾತ್ಕಾಲಿಕ ನೆನಪು) ಕೆಟ್ಟಿದ್ದರೆ ಫಾರ್ಮ್ಯಾಟ್‌ನಿಂದ ಏನೂ ಆಗದು, ಕಡತಗಳು ಹೋದದ್ದು ಮಾತ್ರ ಲೆಕ್ಕ. ಮೆಮ್‌ಟೆಸ್ಟ್86+ ರ‍್ಯಾಮ್ ಪರೀಕ್ಷಿಸುವ ಸಾಫ್ಟ್‌ವೇರ್. ಉಚಿತ, ಮೂಲಸಂಕೇತವೂ ಎಲ್ಲರಿಗೂ ಮುಕ್ತ. ವಿಂಡೋಸ್ ತೆರೆಯುವ ಮೊದಲೇ ಪೆನ್‌ಡ್ರೈವ್‌ನಿಂದ ಓಡುತ್ತದೆ. ಅದರ ನಿಜವಾದ ಬೆಲೆ ಇರುವುದೇ ಇಲ್ಲಿ: ವಿಂಡೋಸ್, ಡ್ರೈವರ್, ವೈರಸ್ ಯಾವುದೂ ಕಣದಲ್ಲಿಲ್ಲದಾಗ ಎರರ್ ಬಂದರೆ ಅದು ಸಾಫ್ಟ್‌ವೇರ್‌ನದ್ದಲ್ಲ.

ಪೆನ್‌ಡ್ರೈವ್ ತಯಾರಿಸುವಾಗ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದ್ದನ್ನೇ ಬಳಸಿ. ಅದರಿಂದ ಬೂಟ್ ಆಗದಿದ್ದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಸೆಕ್ಯೂರ್ ಬೂಟ್, ಅಂದರೆ ಅಪರಿಚಿತ ಸಾಫ್ಟ್‌ವೇರ್‌ನಿಂದ ಬೂಟ್ ಆಗದಂತೆ ತಡೆಯುವ ಕಾವಲು, ಆಫ್ ಮಾಡಿ ನೋಡಿ. ಆದರೆ ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್ ಹಾಕುವ ಗೂಢಲಿಪಿ ಬೀಗ) ಇದ್ದರೆ ಅದಕ್ಕೂ ಮೊದಲು ಆ ಬೀಗ ತೆರೆಯುವ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪರೀಕ್ಷೆಯ ಒಂದು ಸುತ್ತು ಸಾಲದು. ಬಿಸಿಯಾದ ಮೇಲಷ್ಟೇ ತಪ್ಪುವ ರ‍್ಯಾಮ್‌ಗಳಿವೆ, ಹಾಗಾಗಿ ಕನಿಷ್ಠ 4 ಸುತ್ತು, ಸಾಧ್ಯವಾದರೆ ಇಡೀ ರಾತ್ರಿ ಬಿಡಿ. ಆಟಿ ತಿಂಗಳ ಮಳೆಯಲ್ಲಿ ಇದೇ ಕಷ್ಟ: ಕರೆಂಟ್ ಹೋದರೆ ಪರೀಕ್ಷೆ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದ ಶುರು. ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್‌ನಲ್ಲಿ ರಾತ್ರಿ ಓಡಿಸುವುದು ವ್ಯರ್ಥ.

ಒಂದೇ ಒಂದು ಎರರ್ ಬಂದರೂ ಅದನ್ನು ಕಡೆಗಣಿಸಬೇಡಿ. ಹಾಗೆಂದು ತಕ್ಷಣ ಹೊಸ ರ‍್ಯಾಮ್ ಕೊಳ್ಳಲೂ ಬೇಡಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಸಾಮಾನ್ಯಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಇದ್ದರೆ ಆಫ್ ಮಾಡಿ ಮತ್ತೆ ಓಡಿಸಿ. ಎರರ್ ಮಾಯವಾದರೆ ರ‍್ಯಾಮ್ ಆ ವೇಗಕ್ಕೆ ತಾಳುತ್ತಿಲ್ಲ ಅಷ್ಟೇ. ಮಾಯವಾಗದಿದ್ದರೆ ಪವರ್ ಕೇಬಲ್ ತೆಗೆದು ರ‍್ಯಾಮ್ ಕಳಚಿ, ಅದರ ಚಿನ್ನದ ಬಣ್ಣದ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಕಡಲ ಬದಿಯ ತೇವಕ್ಕೆ ಈ ಸಂಪರ್ಕ ಕೆಡುವುದು ಹೊಸತಲ್ಲ. ಆಗಲೂ ಎರರ್ ಬಂದರೆ ಒಂದೊಂದೇ ರ‍್ಯಾಮನ್ನು ಒಂದೇ ಸ್ಲಾಟ್‌ನಲ್ಲಿ ಹಾಕಿ ನೋಡಿ. ಎರರ್ ರ‍್ಯಾಮ್‌ನ ಜೊತೆ ಹೋದರೆ ತಪ್ಪು ರ‍್ಯಾಮ್‌ನದ್ದು. ಯಾವುದನ್ನು ಹಾಕಿದರೂ ಆ ಸ್ಲಾಟ್‌ನಲ್ಲೇ ಉಳಿದರೆ ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ಕಡೆ ನೋಡಬೇಕು.

ಇದರ ಮಿತಿಯನ್ನೂ ಹೇಳಲೇಬೇಕು. 'ಪಾಸ್' ಎಂದು ಬಂದರೆ ಹಾರ್ಡ್‌ವೇರ್ ಎಲ್ಲ ಸರಿಯೆಂದಲ್ಲ. ಪವರ್ ಸಪ್ಲೈ, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಇದರ ಪರೀಕ್ಷೆಗೆ ಸಿಗುವುದಿಲ್ಲ. ಆಗ ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆಯಿರಿ. ಅಲ್ಲಿ ಕರ್ನಲ್-ಪವರ್ 41 (Kernel-Power 41) ಎಂಬ ದಾಖಲೆ ಕಂಡು ಪವರ್ ಸಪ್ಲೈ ಬದಲಿಸುವವರಿದ್ದಾರೆ, ಅದು ಆತುರ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದರಾಚೆ ಆ ಸಂಖ್ಯೆ ಏನನ್ನೂ ಹೇಳುವುದಿಲ್ಲ. ವಿಯಾ-ಲಾಗರ್ (WHEA-Logger) ಹೆಸರಿನ ದಾಖಲೆ ಇದ್ದರೆ ಹಾರ್ಡ್‌ವೇರ್ ಮೇಲಿನ ಅನುಮಾನ ಗಟ್ಟಿ. ನೀಲಿ ಪರದೆಯಲ್ಲಿ ಪ್ರತಿ ಸಲವೂ ಒಂದೇ ಡ್ರೈವರ್ ಕಡತದ ಹೆಸರು ಬರುತ್ತಿದ್ದರೆ ಮೊದಲು ಆ ಡ್ರೈವರ್ ಬದಲಿಸಿ.

ರ‍್ಯಾಮ್ ಬದಲಿಸಿದಿರಾದರೆ ಹೊಸದನ್ನೂ ಹೀಗೆಯೇ ಒಂದು ರಾತ್ರಿ ಓಡಿಸಿ, ಅಂಗಡಿಯಲ್ಲಿ ಬದಲಿಸಿ ಕೊಡುವ ಅವಧಿ ಮುಗಿಯುವ ಮೊದಲು.